ಮೇದೋಜೀರಕದ ದುರ್ಗಮ ಹಾದಿ ತೆರೆದ ಅಲೆನ್ ವಿಪಲ್

ಮಾನವ ಶರೀರದ ಅಂಗಗಳ ಪೈಕಿ ಶಸ್ತ್ರವೈದ್ಯರು ಬಹುಕಾಲ ಅಂಜಿಕೆಯಿಂದಲೇ ಸಮೀಪಿಸುತ್ತಿದ್ದ ಅಂಗ ಮೇದೋಜೀರಕ ಗ್ರಂಥಿ. ಜಠರದ ಹಿಂಬದಿಯಲ್ಲಿ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ ಇದರ ಉದ್ದ ಒಂದು ಗೇಣೂ ಇಲ್ಲ. ಇದರ ತಲೆಭಾಗವನ್ನು ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಂ ತೋಳಿನಂತೆ ಬಳಸಿಕೊಂಡಿದೆ. ಯಕೃತ್ತಿನಿಂದ ಇಳಿದು ಬರುವ ಪಿತ್ತನಾಳ ಈ ತಲೆಭಾಗದ ಮೂಲಕವೇ ಹಾದು ಕರುಳನ್ನು ಸೇರುತ್ತದೆ. ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ದೊಡ್ಡ ರಕ್ತನಾಳ ಹರಿಯುತ್ತದೆ. ಗ್ರಂಥಿ ಸ್ರವಿಸುವ ರಸವಾದರೋ ಮಾಂಸವನ್ನೇ ಕರಗಿಸಬಲ್ಲದು. ಹೊಲಿಗೆ ಸಡಿಲಗೊಂಡು ಆ ರಸ ಹೊಟ್ಟೆಯೊಳಗೆ ಸೋರಿದರೆ ಅದು ರೋಗಿಯ ಒಡಲನ್ನೇ ಜೀರ್ಣಿಸಲು ತೊಡಗುತ್ತದೆ.

ಇಂತಹ ದುರ್ಗಮ ಸ್ಥಳದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಾಗ ಅದನ್ನು ಕಿತ್ತುಹಾಕಿ ರೋಗಿಯನ್ನು ಬದುಕಿಸಬಹುದೆಂದು ತೋರಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಶಸ್ತ್ರವೈದ್ಯ ಅಲೆನ್ ಓಲ್ಡ್‌ಫಾದರ್ ವಿಪಲ್. ಜಗತ್ತಿನ ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ಇಂದಿಗೂ ಈ ಶಸ್ತ್ರಚಿಕಿತ್ಸೆ ಅವರ ಹೆಸರಿನಿಂದಲೇ ಪ್ರಸಿದ್ಧ. ಹೊಟ್ಟೆಯನ್ನು ಅಗಲವಾಗಿ ಕೊಯ್ದು ತೆರೆಯಬೇಕೇ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ನೀಳ ಉಪಕರಣಗಳನ್ನು ಇಳಿಸಿ ಇದೇ ಕೆಲಸವನ್ನು ಮಾಡಬೇಕೇ ಎಂಬ ಚರ್ಚೆ ವೈದ್ಯಲೋಕದಲ್ಲಿ ಇಂದು ನಡೆದಿದೆ. ಆ ಚರ್ಚೆಯ ತಿರುಳನ್ನು ಅರಿಯಬೇಕಾದರೆ ವಿಪಲ್ ಅವರ ಬದುಕಿನತ್ತ ಒಮ್ಮೆ ಹಿಂತಿರುಗಿ ನೋಡುವುದು ಒಳಿತು.

ವಿಪಲ್ ಜನಿಸಿದ್ದು ಅಮೆರಿಕದಲ್ಲಲ್ಲ. 1881ರ ಸೆಪ್ಟೆಂಬರ್ ತಿಂಗಳಲ್ಲಿ, ಅಂದಿನ ಪರ್ಷಿಯಾ ದೇಶದ ವಾಯವ್ಯ ಭಾಗದ ಉರ್ಮಿಯಾ ಪಟ್ಟಣದಲ್ಲಿ ಅವರು ಹುಟ್ಟಿದರು. ತಂದೆತಾಯಿಗಳು ಅಲ್ಲಿ ಮಿಷನರಿಗಳಾಗಿದ್ದರು. ಉರ್ಮಿಯಾ ಅನೇಕ ಭಾಷೆ, ಅನೇಕ ಮತಗಳ ಜನ ಕೂಡಿ ಬಾಳುತ್ತಿದ್ದ ಊರು. ಪುರಾತನ ನೆಸ್ಟೋರಿಯನ್ ಕ್ರೈಸ್ತ ಪರಂಪರೆಗೆ ಸೇರಿದ ಸಿರಿಯಾಕ್ ಭಾಷಿಕರು, ಅರ್ಮೇನಿಯನ್ನರು, ಮುಸ್ಲಿಮರು ಅಲ್ಲಿ ನೆರೆಹೊರೆಯವರಾಗಿದ್ದರು. ಬಾಲ್ಯದಲ್ಲಿ ಕಂಡ ಆ ಲೋಕದ ನೆನಪು ವಿಪಲ್ ಅವರನ್ನು ಮುಪ್ಪಿನವರೆಗೂ ಬಿಡಲಿಲ್ಲ ಎಂಬುದಕ್ಕೆ ಅವರ ಕೊನೆಯ ಬರಹಗಳೇ ಸಾಕ್ಷಿ.

ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ಬಂದ ಅವರು 1904ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದರು. 1908ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವೀಧರರಾಗಿ ಹೊರಬಂದರು. 1921ರಲ್ಲಿ ಅದೇ ಕಾಲೇಜಿನಲ್ಲಿ ಶಸ್ತ್ರವೈದ್ಯಶಾಸ್ತ್ರದ ಪ್ರಾಧ್ಯಾಪಕರಾದಾಗ ಅವರಿಗಿನ್ನೂ ನಲವತ್ತರ ಪ್ರಾಯ. ಕಾಲೇಜಿಗೆ ಹೊಂದಿಕೊಂಡ ಪ್ರೆಸ್ಬಿಟೇರಿಯನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಹೊಣೆಯೂ ಅವರದಾಯಿತು. 1946ರವರೆಗೆ, ಕಾಲು ಶತಮಾನದ ಕಾಲ, ಅವರು ಈ ಪೀಠದಲ್ಲಿದ್ದರು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಬ್ಬ ವಿಪಲ್ ಇದ್ದರು. ರಕ್ತಹೀನತೆಯ ಸಂಶೋಧನೆಗಾಗಿ 1934ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಜಾರ್ಜ್ ಹೋಯ್ಟ್ ವಿಪಲ್ ಅವರೇ ಆ ಮತ್ತೊಬ್ಬರು. ವಿಪಲ್ ಕಾಯಿಲೆ ಎಂದು ಕರೆಯಲಾಗುವ ಕರುಳಿನ ರೋಗಕ್ಕೆ ಹೆಸರು ಬಂದದ್ದು ಅವರಿಂದ. ಶಸ್ತ್ರಚಿಕಿತ್ಸೆಗೆ ಹೆಸರು ನೀಡಿದವರು ಅಲೆನ್ ವಿಪಲ್. ಈ ಇಬ್ಬರನ್ನೂ ಒಬ್ಬರೆಂದು ಭಾವಿಸುವ ಪ್ರಮಾದ ಆಗಾಗ ಜರುಗುತ್ತಿರುತ್ತದೆ.

ಅಲೆನ್ ವಿಪಲ್ ಅವರ ಗಮನ ಮೇದೋಜೀರಕದತ್ತ ಹರಿದದ್ದು ಕ್ಯಾನ್ಸರಿನ ದಾರಿಯಿಂದಲ್ಲ, ಸಕ್ಕರೆಯ ದಾರಿಯಿಂದ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಇನ್ಸುಲಿನ್ ಪತ್ತೆಯಾದ ಬಳಿಕ, ಇದೇ ಗ್ರಂಥಿಯಲ್ಲಿ ಹುಟ್ಟುವ ಕೆಲವು ಪುಟ್ಟ ಗಡ್ಡೆಗಳು ಅತಿಯಾಗಿ ಇನ್ಸುಲಿನ್ ಸುರಿಸಿ ರೋಗಿಯನ್ನು ಮೂರ್ಛೆಗೆ ತಳ್ಳುತ್ತವೆಂದು ವೈದ್ಯರಿಗೆ ತಿಳಿದುಬಂತು. ಆದರೆ ತಲೆಸುತ್ತು, ಬೆವರು, ಮೂರ್ಛೆ ಎಂದು ಬಂದವರೆಲ್ಲರ ಹೊಟ್ಟೆ ಕೊಯ್ಯಲಾಗದು. ಯಾರಿಗೆ ಶಸ್ತ್ರಚಿಕಿತ್ಸೆ ಸಲ್ಲುತ್ತದೆಂದು ನಿರ್ಧರಿಸಲು ವಿಪಲ್ ಮೂರು ಲಕ್ಷಣಗಳನ್ನು ಗೊತ್ತುಪಡಿಸಿದರು. ಉಪವಾಸ ಅಥವಾ ಶ್ರಮದ ವೇಳೆ ತೊಂದರೆ ಕಾಣಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ರಕ್ತದ ಸಕ್ಕರೆಯ ಅಂಶ ಕುಸಿದಿರಬೇಕು. ಗ್ಲೂಕೋಸ್ ಕೊಟ್ಟೊಡನೆ ರೋಗಿ ಚೇತರಿಸಿಕೊಳ್ಳಬೇಕು. ಮೂರೂ ಕೂಡಿದಾಗ ಮಾತ್ರ ಚಾಕು ಕೈಗೆತ್ತಿಕೊಳ್ಳಬೇಕು. 1935ರಲ್ಲಿ ಅವರು ಸಹೋದ್ಯೋಗಿ ವರ್ಜೀನಿಯಾ ಫ್ರಾಂಟ್ಜ್ ಅವರೊಡನೆ ಈ ಗಡ್ಡೆಗಳ ಕುರಿತು ಪ್ರಬಂಧ ಪ್ರಕಟಿಸಿದರು. ವಿಪಲ್ ತ್ರಿಲಕ್ಷಣ ಎಂಬ ಹೆಸರಿನಲ್ಲಿ ಆ ಸೂತ್ರ ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಮೊದಲ ಪಾಠ. ಕೊಯ್ಯುವ ಕೌಶಲಕ್ಕಿಂತ ಮೊದಲು ಯಾರನ್ನು ಕೊಯ್ಯಬೇಕೆಂಬ ವಿವೇಕ ಬೇಕು ಎಂಬ ನಿಲುವು ಅವರ ವೃತ್ತಿಜೀವನದುದ್ದಕ್ಕೂ ಕಂಡುಬರುತ್ತದೆ.

ಸಕ್ಕರೆಯ ಗಡ್ಡೆಗಳನ್ನು ತೆಗೆಯುತ್ತ ಈ ಗ್ರಂಥಿಯ ಪರಿಚಯ ಬೆಳೆದಂತೆ, ಅದರ ತಲೆಭಾಗದ ಕ್ಯಾನ್ಸರ್ ಅವರಿಗೆ ಸವಾಲಾಗಿ ನಿಂತಿತು. ಅವರಿಗಿಂತ ಮೊದಲು ಯಾರೂ ಯತ್ನಿಸಿರಲಿಲ್ಲವೆಂದಲ್ಲ. 1898ರಲ್ಲಿ ಇಟಲಿಯ ಅಲೆಸ್ಸಾಂಡ್ರೋ ಕೊಡಿವಿಲ್ಲಾ ಇಂತಹ ಸಾಹಸ ಮಾಡಿದ್ದರು. ರೋಗಿ ಕೆಲವೇ ವಾರಗಳಲ್ಲಿ ತೀರಿಕೊಂಡರು. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಶ್ ಎರಡು ಹಂತಗಳಲ್ಲಿ ಇದನ್ನು ನೆರವೇರಿಸಿ ರೋಗಿಯನ್ನು ಕೆಲವು ತಿಂಗಳ ಕಾಲ ಉಳಿಸಿಕೊಂಡಿದ್ದರು. ಆದಾಗ್ಯೂ ಡುವೋಡಿನಂ ಇಲ್ಲದೆ ಮನುಷ್ಯ ಬದುಕಲಾರನೆಂಬ ಶಂಕೆ ಬಹುಕಾಲ ವೈದ್ಯರನ್ನು ಹಿಂದೆಳೆಯುತ್ತಿತ್ತು. 1918ರಲ್ಲಿ ಲೆಸ್ಟರ್ ಡ್ರ್ಯಾಗ್‌ಸ್ಟೆಡ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿ ಆ ಭಾಗವಿಲ್ಲದೆಯೂ ಪ್ರಾಣಿ ಬದುಕಬಲ್ಲದೆಂದು ತೋರಿಸಿದ ನಂತರವೇ ಆ ಶಂಕೆಯ ಬುಡ ಅಲುಗಿತು.

ವಿಪಲ್ ಅವರ ಮುಂದಿದ್ದ ಮತ್ತೊಂದು ಅಡ್ಡಿ ಕಾಮಾಲೆ. ಗಡ್ಡೆ ಪಿತ್ತನಾಳವನ್ನು ಒತ್ತಿದಾಗ ಪಿತ್ತರಸ ಕರುಳಿಗೆ ಇಳಿಯದೆ ರೋಗಿಯ ಕಣ್ಣು, ಚರ್ಮ ಹಳದಿಯಾಗುತ್ತವೆ. ಅಂತಹ ರೋಗಿಗಳ ರಕ್ತ ಬೇಗನೆ ಹೆಪ್ಪುಗಟ್ಟದೆ, ದೀರ್ಘ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವೇ ಪ್ರಾಣಕ್ಕೆ ಎರವಾಗುತ್ತಿತ್ತು. ಆದುದರಿಂದ ವಿಪಲ್ ಮೊದಲ ಹಂತದಲ್ಲಿ ಪಿತ್ತಕೋಶವನ್ನು ಜಠರಕ್ಕೆ ಜೋಡಿಸಿ ಪಿತ್ತರಸಕ್ಕೆ ಬದಲಿ ದಾರಿ ಮಾಡಿಕೊಡುತ್ತಿದ್ದರು. ಕಾಮಾಲೆ ಇಳಿದು ರೋಗಿ ಚೇತರಿಸಿಕೊಂಡ ಮೇಲೆ, ವಾರಗಳ ನಂತರ, ಎರಡನೆಯ ಹಂತದಲ್ಲಿ ಡುವೋಡಿನಂ ಹಾಗೂ ಗ್ರಂಥಿಯ ತಲೆಭಾಗವನ್ನು ತೆಗೆಯುತ್ತಿದ್ದರು.

1935ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಸಂಘದ ಮುಂದೆ ವಿಪಲ್ ಮಂಡಿಸಿದ ಪ್ರಬಂಧದಲ್ಲಿದ್ದುದು ಕೇವಲ ಮೂವರು ರೋಗಿಗಳ ವೃತ್ತಾಂತ. ವಿಲಿಯಂ ಪಾರ್ಸನ್ಸ್ ಮತ್ತು ಮುಲಿನ್ಸ್ ಎಂಬ ಕಿರಿಯ ಸಹೋದ್ಯೋಗಿಗಳು ಅದರ ಸಹಲೇಖಕರು. ಮೊದಲ ರೋಗಿ ಶಸ್ತ್ರಚಿಕಿತ್ಸೆಯಾದ ಸ್ವಲ್ಪ ಸಮಯದಲ್ಲೇ ಅಸುನೀಗಿದರು. ಪ್ರಾಣಿಯ ಕರುಳಿನಿಂದ ತಯಾರಾದ ಹೊಲಿಗೆಯ ದಾರವನ್ನು ಮೇದೋಜೀರಕದ ರಸವೇ ಜೀರ್ಣಿಸಿಬಿಟ್ಟಿತ್ತೆಂಬ ತೀರ್ಮಾನಕ್ಕೆ ಬಂದ ವಿಪಲ್, ಮುಂದಿನ ರೋಗಿಗಳಿಗೆ ರೇಷ್ಮೆ ದಾರವನ್ನು ಬಳಸಿದರು. ಉಳಿದ ಇಬ್ಬರು ಶಸ್ತ್ರಚಿಕಿತ್ಸೆಯನ್ನು ತಾಳಿಕೊಂಡರು. ಸೋತದ್ದನ್ನು ಮರೆಮಾಚದೆ, ಸೋಲಿನ ಕಾರಣವನ್ನು ಹುಡುಕಿ, ತಿದ್ದಿಕೊಂಡ ಕ್ರಮವನ್ನು ಸಮಾನಸ್ಕಂಧರ ಮುಂದೆ ಇರಿಸಿದ್ದೇ ಆ ಪುಟ್ಟ ಪ್ರಬಂಧದ ದೊಡ್ಡ ಗುಣ.

ಈ ನಡುವೆ ವಿಜ್ಞಾನದ ಬೇರೊಂದು ಮೂಲೆಯಿಂದ ನೆರವು ಬಂತು. ಡೆನ್ಮಾರ್ಕಿನ ಹೆನ್ರಿಕ್ ಡ್ಯಾಂ ಕಂಡುಹಿಡಿದ ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ಅವಶ್ಯವೆಂದೂ, ಪಿತ್ತರಸವಿಲ್ಲದೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲವೆಂದೂ ಸ್ಪಷ್ಟವಾಯಿತು. ಕಾಮಾಲೆಯ ರೋಗಿಗೆ ಅದನ್ನು ಮೊದಲೇ ನೀಡಿದರೆ ರಕ್ತಸ್ರಾವದ ಭೀತಿ ತಗ್ಗುತ್ತದೆ. ಎರಡು ಹಂತಗಳ ಅನಿವಾರ್ಯತೆ ಇದರಿಂದ ದೂರವಾಯಿತು.

1940ರ ಮಾರ್ಚ್ ತಿಂಗಳಲ್ಲಿ ವಿಪಲ್ ಮೊದಲ ಬಾರಿಗೆ ಒಂದೇ ಹಂತದಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಪೂರೈಸಿದರು. ಅದು ಯೋಜಿಸಿ ಮಾಡಿದ್ದಲ್ಲ. ಜಠರದ ಕ್ಯಾನ್ಸರ್ ಎಂದು ಭಾವಿಸಿ, ಅತಿಥಿ ಶಸ್ತ್ರವೈದ್ಯರ ಸಮ್ಮುಖದಲ್ಲಿ ಅವರು ಮಹಿಳೆಯೊಬ್ಬರ ಹೊಟ್ಟೆ ತೆರೆದಿದ್ದರು. ಜಠರವನ್ನು ಕತ್ತರಿಸಿದ ಬಳಿಕವಷ್ಟೇ ಗಡ್ಡೆಯಿರುವುದು ಮೇದೋಜೀರಕದ ತಲೆಭಾಗದಲ್ಲೆಂಬುದು ಗೊತ್ತಾಯಿತು. ಹಿಂದಿರುಗುವ ದಾರಿ ಉಳಿದಿರಲಿಲ್ಲ. ರೋಗಿಗೆ ಕಾಮಾಲೆ ಇರಲಿಲ್ಲವೆಂಬುದೇ ಧೈರ್ಯ. ವಿಪಲ್ ಮುಂದುವರಿದು ಎಲ್ಲವನ್ನೂ ಒಂದೇ ಬಾರಿಗೆ ತೆಗೆದರು. ಆ ಗಡ್ಡೆ ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟಿದ, ನಿಧಾನಗತಿಯ ಬಗೆಯದೆಂದು ಅನಂತರ ತಿಳಿದುಬಂತು. ರೋಗಿ ಸುಮಾರು 9 ವರ್ಷ ಬದುಕಿದರು.

ವಿಪಲ್ ಆರಂಭದಲ್ಲಿ ಗ್ರಂಥಿಯ ಉಳಿದ ತುದಿಯನ್ನು ಹೊಲಿದು ಮುಚ್ಚಿಬಿಡುತ್ತಿದ್ದರು. ಅದು ಸೋರಿಕೆಗೆ ಎಡೆಮಾಡಿಕೊಡುತ್ತದೆಂದು ಕಂಡು, ಮುಂದೆ ಆ ತುದಿಯನ್ನು ಕರುಳಿಗೆ ಜೋಡಿಸತೊಡಗಿದರು. ಹೀಗೆ ಮೇದೋಜೀರಕ, ಪಿತ್ತನಾಳ, ಜಠರ ಈ ಮೂರನ್ನೂ ಸಣ್ಣ ಕರುಳಿಗೆ ಹೊಸದಾಗಿ ಹೊಲಿಯುವ ಕ್ರಮ ರೂಪುಗೊಂಡಿತು. ತೆಗೆಯುವುದು ಅರ್ಧ ಕೆಲಸವಾದರೆ ಜೋಡಿಸುವುದು ಉಳಿದ ಅರ್ಧ. ರೋಗಿಯ ಹಣೆಬರಹ ನಿರ್ಧಾರವಾಗುವುದು ಬಹುಮಟ್ಟಿಗೆ ಈ ಎರಡನೆಯ ಅರ್ಧದಲ್ಲಿ. ಇಷ್ಟೆಲ್ಲ ಖ್ಯಾತಿಯ ಹೊರತಾಗಿಯೂ ವಿಪಲ್ ತಮ್ಮ ಜೀವಮಾನದಲ್ಲಿ ಮಾಡಿದ ಇಂತಹ ಶಸ್ತ್ರಚಿಕಿತ್ಸೆಗಳು ಒಟ್ಟು 37 ಮಾತ್ರ.

ಅವರ ಕಾರ್ಯಕ್ಷೇತ್ರ ಮೇದೋಜೀರಕಕ್ಕಷ್ಟೇ ಸೀಮಿತವಾಗಿರಲಿಲ್ಲ. ಗುಲ್ಮದ ಕಾಯಿಲೆಗಳಿಗಾಗಿ ಶಸ್ತ್ರವೈದ್ಯರು, ಔಷಧ ವೈದ್ಯರು, ರೋಗನಿದಾನ ತಜ್ಞರು ಒಟ್ಟಿಗೆ ಕುಳಿತು ರೋಗಿಯನ್ನು ನೋಡುವ ಜಂಟಿ ಚಿಕಿತ್ಸಾಲಯವನ್ನು ಅವರು ಕಟ್ಟಿದರು. ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುವ ವ್ಯಾಧಿಯ ಬಗೆಗಿನ ಮಹತ್ವದ ಕೆಲಸ ಅಲ್ಲಿಂದಲೇ ಹೊಮ್ಮಿತು. ಶಸ್ತ್ರವೈದ್ಯರ ಅರ್ಹತೆಯನ್ನು ಪರೀಕ್ಷಿಸಿ ಮಾನ್ಯತೆ ನೀಡುವ ಅಮೆರಿಕದ ಮಂಡಳಿ 1937ರಲ್ಲಿ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಶಸ್ತ್ರವೈದ್ಯೆಯಾಗಲು ಬಂದಿದ್ದ ವರ್ಜೀನಿಯಾ ಅಪ್‌ಗಾರ್ ಎಂಬ ಪ್ರತಿಭಾವಂತೆಯನ್ನು ಅರಿವಳಿಕೆ ಶಾಸ್ತ್ರದತ್ತ ತಿರುಗಿಸಿದವರೂ ವಿಪಲ್ ಅವರೇ. ಅರಿವಳಿಕೆ ಬೆಳೆಯದೆ ಶಸ್ತ್ರಚಿಕಿತ್ಸೆ ಬೆಳೆಯದೆಂದು ಅವರು ಮನಗಂಡಿದ್ದರು. ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವ ಅಪ್‌ಗಾರ್ ಅಂಕಗಳು ಮುಂದೆ ಆಕೆಯಿಂದಲೇ ಜಗತ್ತಿಗೆ ದೊರೆತವು.

1946ರಲ್ಲಿ ಕೊಲಂಬಿಯಾದಿಂದ ನಿವೃತ್ತರಾದ ವಿಪಲ್ 1951ರವರೆಗೆ ನ್ಯೂಯಾರ್ಕಿನ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸಾ ನಿರ್ದೇಶಕರಾಗಿದ್ದರು. ಇಳಿವಯಸ್ಸಿನಲ್ಲಿ ಅವರ ಮನಸ್ಸು ಹುಟ್ಟಿದ ನೆಲದ ಕಡೆ ಹೊರಳಿತು. ಗ್ರೀಕರ ವೈದ್ಯಜ್ಞಾನವನ್ನು ಕಾಪಾಡಿ ಬೆಳೆಸಿದ ನೆಸ್ಟೋರಿಯನ್ ಕ್ರೈಸ್ತರು ಮತ್ತು ಮುಸ್ಲಿಂ ವೈದ್ಯರ ಪಾತ್ರವನ್ನು ಕುರಿತು ಅವರು ಬರೆದ ಗ್ರಂಥ, ಅವರ ನಿಧನಾನಂತರ 1967ರಲ್ಲಿ ಬೆಳಕು ಕಂಡಿತು. 1963ರ ಏಪ್ರಿಲ್ ತಿಂಗಳಲ್ಲಿ, 81ನೆಯ ವಯಸ್ಸಿನಲ್ಲಿ ವಿಪಲ್ ಇಹಲೋಕ ತ್ಯಜಿಸಿದರು.

ಅವರ ಮರಣದ ನಂತರ ಅವರ ಶಸ್ತ್ರಚಿಕಿತ್ಸೆಯೂ ಸಾಯುವ ಸ್ಥಿತಿಗೆ ಬಂದಿತ್ತೆಂದರೆ ಅಚ್ಚರಿಯಾದೀತು. ಆ ದಶಕಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ ಐವರಲ್ಲಿ ಒಬ್ಬರಾದರೂ ಆಸ್ಪತ್ರೆಯಲ್ಲೇ ಮಡಿಯುತ್ತಿದ್ದುದು ಸಾಮಾನ್ಯವಾಗಿತ್ತು. ಇಷ್ಟು ಜೀವಹಾನಿಗಿಂತ ಪಿತ್ತರಸಕ್ಕೆ ಬದಲಿ ದಾರಿ ಮಾಡಿ ಸುಮ್ಮನಾಗುವುದೇ ಮೇಲೆಂದು ಅಮೆರಿಕದ ಜಾರ್ಜ್ ಕ್ರೈಲ್ 1970ರಲ್ಲಿ ವಾದಿಸಿದರು. ಅದಕ್ಕೆ ಉತ್ತರ ದೊರೆತದ್ದು ಅಭ್ಯಾಸಬಲದಿಂದ. ಒಂದೇ ಆಸ್ಪತ್ರೆಯಲ್ಲಿ, ಒಂದೇ ತಂಡ ಪದೇ ಪದೇ ಇದೇ ಕೆಲಸ ಮಾಡತೊಡಗಿದಾಗ ಸಾವು ಇಳಿಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಜಾನ್ ಕ್ಯಾಮರನ್ ಮತ್ತು ಸಂಗಡಿಗರು ಸತತ 145 ಶಸ್ತ್ರಚಿಕಿತ್ಸೆಗಳನ್ನು ಒಂದೂ ಸಾವಿಲ್ಲದೆ ನಡೆಸಿದ ವರದಿಯನ್ನು 1993ರಲ್ಲಿ ಪ್ರಕಟಿಸಿದರು. ಮೇದೋಜೀರಕದ ಶಸ್ತ್ರಚಿಕಿತ್ಸೆ ಅಪರೂಪಕ್ಕೊಮ್ಮೆ ನಡೆಯುವ ಆಸ್ಪತ್ರೆಗಳಲ್ಲಿ ಶೇ 16ರಷ್ಟು ಸಾವು ಸಂಭವಿಸಿದರೆ, ಹೆಚ್ಚು ನಡೆಯುವ ಕಡೆ ಅದು ಶೇ 4ರ ಆಸುಪಾಸಿನಲ್ಲಿದೆ ಎಂದು ಅಮೆರಿಕದ ಹಿರಿಯ ನಾಗರಿಕರ ದಾಖಲೆಗಳನ್ನು ಆಧರಿಸಿದ 2002ರ ಅಧ್ಯಯನ ತಿಳಿಸಿತು.

ಇಷ್ಟರಲ್ಲಿ ರಂಧ್ರ ಶಸ್ತ್ರಚಿಕಿತ್ಸೆಯ ಯುಗ ಆರಂಭವಾಗಿತ್ತು. ಕೆನಡಾದ ಮಿಷೆಲ್ ಗಾನ್ಯೆ ಮತ್ತು ಆಲ್ಫನ್ಸ್ ಪಾಂಪ್ ಲ್ಯಾಪರೋಸ್ಕೋಪಿ ಮೂಲಕ ವಿಪಲ್ ಶಸ್ತ್ರಚಿಕಿತ್ಸೆ ನಡೆಸಿದ ವರದಿಯನ್ನು 1994ರಲ್ಲಿ ಪ್ರಕಟಿಸಿದರು. ಹೊಸ ಶತಮಾನದ ಆರಂಭದಲ್ಲಿ ಇಟಲಿಯ ಪಿಯೆರ್ ಜೂಲಿಯಾನೊಟ್ಟಿ ರೋಬೋಟ್ ನೆರವಿನಿಂದಲೂ ಅದನ್ನು ಸಾಧಿಸಿದರು. ಗಾಯ ಚಿಕ್ಕದು, ನೋವು ಕಡಿಮೆ, ಮನೆಗೆ ಬೇಗ ಮರಳಬಹುದು ಎಂಬ ಆಸೆ ಸಹಜವೇ. ಪಿತ್ತಕೋಶದ ಕಲ್ಲುಗಳ ವಿಷಯದಲ್ಲಿ ಆ ಆಸೆ ಈಡೇರಿತ್ತು. ಮೇದೋಜೀರಕದ ವಿಷಯದಲ್ಲಿ ಉತ್ತರ ಅಷ್ಟು ಸರಳವಾಗಿರಲಿಲ್ಲ.

ಗ್ರಂಥಿಯ ಬಾಲಭಾಗದ ಗಡ್ಡೆಯನ್ನು ತೆಗೆಯುವಾಗ ಯಾವುದನ್ನೂ ಮರಳಿ ಜೋಡಿಸಬೇಕಿಲ್ಲ. ಆದ್ದರಿಂದ ರಂಧ್ರ ವಿಧಾನ ಅಲ್ಲಿ ಬೇಗ ನೆಲೆಯೂರಿತು. ನೆದರ್ಲೆಂಡ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೆರೆದ ವಿಧಾನದವರು ಚೇತರಿಸಿಕೊಳ್ಳಲು 6 ದಿನ ಹಿಡಿದರೆ ರಂಧ್ರ ವಿಧಾನದವರಿಗೆ 4 ದಿನ ಸಾಕಾಯಿತು. ಕ್ಯಾನ್ಸರ್ ಪೂರ್ಣವಾಗಿ ಹೊರಬರುತ್ತದೆಯೇ ಎಂಬ ಶಂಕೆಯನ್ನು 12 ದೇಶಗಳ 258 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆ ಬಹುಮಟ್ಟಿಗೆ ನಿವಾರಿಸಿತು. ಅಂಚಿನಲ್ಲಿ ಕ್ಯಾನ್ಸರ್ ಉಳಿಯದಂತೆ ತೆಗೆಯಲು ರಂಧ್ರ ವಿಧಾನದಲ್ಲಿ ಶೇ 73, ತೆರೆದ ವಿಧಾನದಲ್ಲಿ ಶೇ 69ರಷ್ಟು ರೋಗಿಗಳಲ್ಲಿ ಸಾಧ್ಯವಾಗಿತ್ತು.

ತಲೆಭಾಗದ ಕಥೆಯೇ ಬೇರೆ. ನಮ್ಮ ನೆರೆಯ ಕೊಯಮತ್ತೂರಿನಲ್ಲಿ ಸಿ. ಪಳನಿವೇಲು ಅವರ ತಂಡ 64 ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ತುಲನಾತ್ಮಕ ಪರೀಕ್ಷೆಯಲ್ಲಿ, ಲ್ಯಾಪರೋಸ್ಕೋಪಿಗೆ ಒಳಗಾದವರು 7 ದಿನಗಳಲ್ಲಿ ಮನೆಗೆ ಮರಳಿದರೆ, ತೆರೆದ ವಿಧಾನದವರಿಗೆ 13 ದಿನ ಬೇಕಾಯಿತು. ರಕ್ತನಷ್ಟವೂ ಕಡಿಮೆಯಿತ್ತು. ಆದರೆ ನೆದರ್ಲೆಂಡ್ಸ್‌ನ ಹಲವು ಆಸ್ಪತ್ರೆಗಳಲ್ಲಿ ಇದೇ ಬಗೆಯ ಪರೀಕ್ಷೆ ನಡೆದಾಗ, ತೊಡಕುಗಳಿಂದಾಗಿ ಲ್ಯಾಪರೋಸ್ಕೋಪಿಯ 50 ರೋಗಿಗಳಲ್ಲಿ 5 ಮಂದಿ ತೀರಿಕೊಂಡರು. ತೆರೆದ ವಿಧಾನದ 49 ಮಂದಿಯಲ್ಲಿ ಮೃತರು ಒಬ್ಬರು. ಸುರಕ್ಷತೆಯ ಕಾರಣದಿಂದ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಲಾಯಿತು. 2019ರಲ್ಲಿ ಅದರ ವರದಿ ಪ್ರಕಟವಾದಾಗ ಶಸ್ತ್ರವೈದ್ಯಲೋಕ ಬೆಚ್ಚಿತು. ಎರಡು ವರ್ಷಗಳ ತರುವಾಯ ಚೀನಾದ 14 ಆಸ್ಪತ್ರೆಗಳ 656 ರೋಗಿಗಳ ಪರೀಕ್ಷೆ ಮತ್ತೊಂದು ಚಿತ್ರ ನೀಡಿತು. ಅಲ್ಲಿ ಸಾವಿನ ಪ್ರಮಾಣ ಎರಡೂ ಕಡೆ ಸರಿಸಮವಾಗಿ ಶೇ 2ರ ಆಸುಪಾಸಿನಲ್ಲಿತ್ತು. ಆಸ್ಪತ್ರೆಯ ವಾಸ ಕಡಿಮೆಯಾದದ್ದು ಕೇವಲ ಒಂದು ದಿನ.

ಈ ಅಂತರದ ಕಾರಣವನ್ನು ಬಹುಮಂದಿ ತಜ್ಞರು ಅನುಭವದ ಲೆಕ್ಕದಲ್ಲಿ ಕಾಣುತ್ತಾರೆ. ನೆದರ್ಲೆಂಡ್ಸ್‌ನ ಪರೀಕ್ಷೆಯಲ್ಲಿ ಪಾಲ್ಗೊಳ್ಳಲು 20 ಲ್ಯಾಪರೋಸ್ಕೋಪಿ ವಿಪಲ್ ಶಸ್ತ್ರಚಿಕಿತ್ಸೆಗಳ ಪೂರ್ವಾನುಭವ ಸಾಕಾಗಿತ್ತು. ಚೀನಾದಲ್ಲಿ ಪ್ರತಿಯೊಬ್ಬ ಶಸ್ತ್ರವೈದ್ಯರೂ ಕನಿಷ್ಠ 104 ಪೂರೈಸಿರಬೇಕಿತ್ತು. ಎಲ್ಲ ಸುಗಮವಾಗಿ ನಡೆದರೂ ತಲೆಭಾಗದಲ್ಲಿ ರಂಧ್ರ ವಿಧಾನದ ಲಾಭ ಅಲ್ಪವೆಂದೂ, ಪಳಗದ ಕೈಯಲ್ಲಿ ಅದರ ಬೆಲೆ ಪ್ರಾಣವೇ ಆಗಬಹುದೆಂದೂ ಈ ಅಂಕಿಗಳು ಸೂಚಿಸುತ್ತವೆ.

ಇನ್ನೊಂದು ಕಟುಸತ್ಯವನ್ನೂ ಮರೆಯುವಂತಿಲ್ಲ. ರೋಗ ಪತ್ತೆಯಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಯೋಗ್ಯರಾಗಿ ಉಳಿದಿರುವವರು ನೂರರಲ್ಲಿ 15ರಿಂದ 20 ಮಂದಿ ಮಾತ್ರ. ಶಸ್ತ್ರಚಿಕಿತ್ಸೆಯ ನಂತರ ಕಿಮೊಥೆರಪಿಯೂ ಅತ್ಯಗತ್ಯ. ಹಲವು ಔಷಧಗಳನ್ನು ಕೂಡಿಸಿ ನೀಡಿದ ಚಿಕಿತ್ಸೆಯಿಂದ ಅರ್ಧದಷ್ಟು ರೋಗಿಗಳು 54 ತಿಂಗಳಿಗೂ ಮಿಗಿಲಾಗಿ ಬದುಕಿದ್ದನ್ನು 2018ರ ಫ್ರೆಂಚ್ ನೇತೃತ್ವದ ಪರೀಕ್ಷೆ ದಾಖಲಿಸಿತು. ಹಳೆಯ ಒಂಟಿ ಔಷಧದಲ್ಲಿ ಆ ಅವಧಿ 35 ತಿಂಗಳಾಗಿತ್ತು. ಸೋರಿಕೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದ ರೋಗಿಗೆ ಆ ಔಷಧ ಸಕಾಲಕ್ಕೆ ತಲುಪದು. ಹೀಗಾಗಿ ಹೊರಗಿನ ಗಾಯದ ಅಳತೆಗಿಂತ ಒಳಗಿನ ಹೊಲಿಗೆಯ ಭದ್ರತೆಯೇ ಆಯುಷ್ಯದ ಲೆಕ್ಕದಲ್ಲಿ ಹೆಚ್ಚು ತೂಗುತ್ತದೆ.

ಇಂತಹ ಆಯ್ಕೆ ಎದುರಾದ ಕುಟುಂಬಗಳು ಸಾಮಾನ್ಯವಾಗಿ ಮೊದಲು ಕೇಳುವುದು ಗಾಯ ಎಷ್ಟು ದೊಡ್ಡದಿರುತ್ತದೆ, ಎಷ್ಟು ದಿನದಲ್ಲಿ ಮನೆಗೆ ಹೋಗಬಹುದು ಎಂದು. ಕೇಳಲೇಬೇಕಾದ ಪ್ರಶ್ನೆ ಬೇರೆಯದು. ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ವಿಪಲ್ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ, ಸೂಚಿಸಿರುವ ವಿಧಾನದಲ್ಲಿ ಈ ವೈದ್ಯರು ಎಷ್ಟು ಮಾಡಿದ್ದಾರೆ, ಸೋರಿಕೆಯಾದರೆ ನಡುರಾತ್ರಿಯಲ್ಲೂ ನಿಭಾಯಿಸುವ ತಂಡ ಇದೆಯೇ ಎಂಬುದನ್ನು ಸಂಕೋಚವಿಲ್ಲದೆ ವಿಚಾರಿಸುವುದು ರೋಗಿಯ ಹಕ್ಕು. ಮೂವರು ರೋಗಿಗಳ ಲೆಕ್ಕವನ್ನು, ಅವರಲ್ಲೊಬ್ಬರ ಸಾವನ್ನೂ ಸೇರಿಸಿ, ಎಲ್ಲರೆದುರು ತೆರೆದಿಟ್ಟ ಅಲೆನ್ ವಿಪಲ್ ಅವರ ಹೆಸರನ್ನು ಹೊತ್ತ ಶಸ್ತ್ರಚಿಕಿತ್ಸೆಯಲ್ಲಿ ಆ ಪ್ರಶ್ನೆಗೆ ನೇರವಾದ ಉತ್ತರ ಸಿಗಬೇಕಾದುದು ನ್ಯಾಯ.